ಮೊದಲು ತಳ, ಆಮೇಲೆ ಗಡಿ: ಆಳದ ಬಂಡೆಮೀನುಗಳಿಗೆ ರಕ್ಷಿತ ಪ್ರದೇಶದಿಂದ ಏನಾಯಿತೆಂದು ಅಳೆಯುವ ಬಗೆ

ಅಮೆರಿಕದ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯ ತಳದಲ್ಲಿ ಸೊಕೆಲ್ ಎಂಬ ಕಡಲಕಣಿವೆಯಿದೆ. 1990ರ ದಶಕದ ಆರಂಭದಲ್ಲಿ ಸಂಶೋಧಕರು ಡೆಲ್ಟಾ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಕುಳಿತು ಆ ಕಣಿವೆಯ 94ರಿಂದ 305 ಮೀಟರ್ ಆಳದ ಗೋಡೆಗಳನ್ನು ನೋಡುತ್ತ ಹೋದಾಗ, ಕೆಸರಿನ ನಡುವೆ ಅಲ್ಲೊಂದು ಇಲ್ಲೊಂದು ತಲೆಯೆತ್ತಿದ ಬಂಡೆಗಳ ಸೀಳುಗಳಲ್ಲಿ ದೊಡ್ಡ ದೊಡ್ಡ ರಾಕ್‌ಫಿಶ್ ಮೀನುಗಳು ನೆಲೆಸಿರುವುದು ಕಂಡಿತು. ಆಗ ಅಲ್ಲಿ ಯಾವ ರಕ್ಷಿತ ಪ್ರದೇಶವೂ ಇರಲಿಲ್ಲ. ಗಾಳ ಹಾಕುವವರ ಕಣ್ಣಿಗೆ ಸುಲಭವಾಗಿ ಬೀಳದ, ಬಿಡಿಬಿಡಿಯಾಗಿ ನಿಂತ ಆ ಬಂಡೆಗಳೇ ಮೀನನ್ನು ಕಾಯ್ದಿದ್ದವು. 2007ರಲ್ಲಿ ಸೊಕೆಲ್ ಕಣಿವೆ ರಾಜ್ಯದ ಸಂರಕ್ಷಿತ ಪ್ರದೇಶವಾಯಿತು. ಈಗ ಯಾರಾದರೂ ಅಲ್ಲಿಗೆ ಕ್ಯಾಮೆರಾ ಇಳಿಸಿ, ಪಕ್ಕದ ಕೆಸರುಬಯಲಿನ ಜೊತೆ ಹೋಲಿಸಿ, ‘ರಕ್ಷಣೆಯಿಂದ ಮೀನು ಹೆಚ್ಚಿದೆ’ ಎಂದು ಬರೆದರೆ ಎಣಿಕೆಯಲ್ಲಿ ತಪ್ಪಿರುವುದಿಲ್ಲ, ತೀರ್ಮಾನದಲ್ಲಿ ಇರುತ್ತದೆ.

ಆಳದ ನೀರಿನ ಮೀನುಗಳ ಅಧ್ಯಯನದಲ್ಲಿ ಅತ್ಯಂತ ಸುಲಭವಾಗಿ ಆಗುವ ತಪ್ಪು ಇದೇ. ಮೀನುಗಾರಿಕೆ ವಿಜ್ಞಾನ ಅಥವಾ ಸಾಗರ ಜೀವವಿಜ್ಞಾನ ಓದುತ್ತಿರುವ, ಇಂತಹ ಸಮೀಕ್ಷೆಯೊಂದನ್ನು ತಾವೇ ರೂಪಿಸಬೇಕಾದ ಅಥವಾ ಇತರರ ವರದಿಯನ್ನು ಪರೀಕ್ಷಿಸಬೇಕಾದ ಓದುಗರಿಗಾಗಿ ಆ ತಪ್ಪನ್ನು ತಪ್ಪಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಳಿಗೆ ಬಹುಮಟ್ಟಿಗೆ ಕ್ಯಾಲಿಫೋರ್ನಿಯಾವನ್ನೇ ಆರಿಸಿಕೊಂಡಿದ್ದೇನೆ. 1999ರ ಸಾಗರಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಹಂತಹಂತವಾಗಿ ರೂಪುಗೊಂಡು 2012ರಲ್ಲಿ ಪೂರ್ಣಗೊಂಡ ಅಲ್ಲಿನ 124 ರಕ್ಷಿತ ಪ್ರದೇಶಗಳ ಜಾಲ ರಾಜ್ಯದ ಕಡಲಿನ ಸುಮಾರು 16 ಶೇಕಡಾ ಭಾಗವನ್ನು ಒಳಗೊಂಡಿದೆ, ಮತ್ತು ಆಳದ ಬಂಡೆಗಳ ಬಗೆಗಿನ ತೊಡಕುಗಳೆಲ್ಲ ಅಲ್ಲಿ ಒಟ್ಟಿಗೇ ಸಿಗುತ್ತವೆ.

ಪದದ ವಿಷಯದಲ್ಲಿ ಒಂದು ಮಾತು. ‘ರೀಫ್’ ಎಂದೊಡನೆ ನಮಗೆ ನೆನಪಾಗುವುದು ಹವಳದಿಬ್ಬ. ಕ್ಯಾಲಿಫೋರ್ನಿಯಾದ ತಣ್ಣೀರಿನಲ್ಲಿ ಅದು ಕಲ್ಲುಬಂಡೆಯ ದಿಬ್ಬ. ಸುಮಾರು 30 ಮೀಟರ್‌ವರೆಗೆ ಅದರ ಮೇಲೆ ಕೆಲ್ಪ್ ಎಂಬ ದೈತ್ಯ ಪಾಚಿಯ ಕಾಡು ಬೆಳೆಯುತ್ತದೆ. ಅದಕ್ಕಿಂತ ಕೆಳಗೆ ಬೆಳಕು ಕ್ಷೀಣಿಸಿ, ಸ್ಪಂಜುಗಳೂ ಬೀಸಣಿಗೆಯಾಕಾರದ ಮೆದುಹವಳಗಳೂ ಬಂಡೆಯನ್ನು ಹೊದೆಯುತ್ತವೆ. ಹವ್ಯಾಸಿ ಮುಳುಗುಗಾರರ ಮಿತಿ 40 ಮೀಟರ್ ಆದ್ದರಿಂದ, ‘ಆಳದ ಬಂಡೆ’ ಎಂದರೆ ಮನುಷ್ಯ ಈಜುತ್ತ ಎಣಿಸಲಾಗದ ಬಂಡೆ ಎಂದು ಸದ್ಯಕ್ಕೆ ಇಟ್ಟುಕೊಳ್ಳಬಹುದು.

ತಳದ ನಕ್ಷೆಯಿಂದ ಆರಂಭಿಸಿ

ಮೀನನ್ನು ಎಣಿಸುವ ಮೊದಲು ತಳವನ್ನು ತಿಳಿಯಬೇಕು. ಹಡಗಿನಿಂದ ಬೀಸಣಿಗೆಯಂತೆ ಶಬ್ದತರಂಗಗಳನ್ನು ಕಳಿಸಿ ಮರುದನಿಯನ್ನು ದಾಖಲಿಸುವ ಮಲ್ಟಿಬೀಮ್ ಸೋನಾರ್‌ನ ದತ್ತಾಂಶ ನಿಮ್ಮ ಪ್ರದೇಶಕ್ಕೆ ಲಭ್ಯವಿದೆಯೇ ಎಂದು ಮೊದಲು ವಿಚಾರಿಸಿ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಕಡಲಿನ ತಳವನ್ನು ಹೀಗೆ ನಕ್ಷೆಗಿಳಿಸುವ ಯೋಜನೆಯೇ ನಡೆದಿತ್ತು. ಎಲ್ಲೆಡೆ ಆ ಭಾಗ್ಯ ಇರುವುದಿಲ್ಲ. ಮರುದನಿ ತಡವಾಗಿ ಬಂದಷ್ಟೂ ಆಳ ಹೆಚ್ಚು, ಜೋರಾಗಿ ಬಂದಷ್ಟೂ ತಳ ಗಟ್ಟಿ. ಇವೆರಡರಿಂದ ನೀವು ಪಡೆಯಬೇಕಾದ ಅಂಶಗಳು ಮುಖ್ಯವಾಗಿ ನಾಲ್ಕು: ಆಳ, ಇಳಿಜಾರು, ಒರಟುತನ, ಮತ್ತು ಒಂದು ಬಿಂದು ತನ್ನ ಸುತ್ತಲಿನ ತಳಕ್ಕಿಂತ ಎಷ್ಟು ಎತ್ತರದಲ್ಲಿದೆ ಅಥವಾ ತಗ್ಗಿನಲ್ಲಿದೆ ಎಂಬುದು.

ಒರಟುತನದ ಲೆಕ್ಕದಲ್ಲಿ ಅಳತೆಯ ಜಾಲರಿ ಎಷ್ಟು ದೊಡ್ಡದು ಎಂಬುದು ಬಹಳ ಮುಖ್ಯ. 50 ಮೀಟರ್ ಚೌಕದ ಜಾಲರಿಯಲ್ಲಿ ಸಪಾಟಾಗಿ ಕಾಣುವ ಜಾಗದಲ್ಲಿ ಆಳೆತ್ತರದ ಬಂಡೆಗಳೂ ಸೀಳುಗಳೂ ಅಡಗಿರಬಹುದು, ಮತ್ತು ಮೀನಿಗೆ ಬೇಕಾದದ್ದು ಆ ಸೀಳೇ ಹೊರತು ನಕ್ಷೆಯ ಸರಾಸರಿಯಲ್ಲ. ಹಾಗಾಗಿ ಎರಡು ಮೂರು ಗಾತ್ರದ ಜಾಲರಿಗಳಲ್ಲಿ ಲೆಕ್ಕ ಮಾಡಿ ಇಟ್ಟುಕೊಳ್ಳಿ. ಸೋನಾರ್ ಹೇಳದ ಸಂಗತಿಗಳನ್ನು ವಿಡಿಯೊದಿಂದಲೇ ಬರೆದುಕೊಳ್ಳಬೇಕಾಗುತ್ತದೆ. ತಳ ಏಕಶಿಲೆಯೋ, ಹಾಸುಬಂಡೆಯೋ, ಉರುಟುಗಲ್ಲೋ, ಮರಳೋ, ಕೆಸರೋ. ಅದರ ಮೇಲೆ ಸ್ಪಂಜು ಇದೆಯೋ ಇಲ್ಲವೋ. ಮೀನನ್ನು ಎಣಿಸುವವರು ಮತ್ತು ತಳವನ್ನು ವರ್ಗೀಕರಿಸುವವರು ಬೇರೆ ಬೇರೆಯಾಗಿದ್ದರೆ ಒಳ್ಳೆಯದು, ಏಕೆಂದರೆ ಮೀನು ತುಂಬಿದ ಚಿತ್ರ ಕಂಡಾಗ ತಳವನ್ನೂ ಸ್ವಲ್ಪ ‘ಒಳ್ಳೆಯ ಬಂಡೆ’ ಎಂದು ಬರೆಯುವ ಚಪಲ ಯಾರಿಗೂ ಬರುತ್ತದೆ.

ಆಳವನ್ನು ಉಳಿದ ಅಂಶಗಳ ಸಾಲಿನಲ್ಲಿ ಕೊನೆಗೆ ಸೇರಿಸುವ ಪರಿಪಾಠವಿದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಎಲ್ಲಕ್ಕಿಂತ ಮೊದಲು ಇಡಬೇಕು. ಅನೇಕ ರಾಕ್‌ಫಿಶ್ ಜಾತಿಗಳು ಮರಿಯಾಗಿದ್ದಾಗ ಆಳವಿಲ್ಲದ ನೀರಿನಲ್ಲಿದ್ದು, ಬೆಳೆದಂತೆ ಕೆಳಕ್ಕೆ ಇಳಿಯುತ್ತವೆ. ನಿಮ್ಮ ರಕ್ಷಿತ ಪ್ರದೇಶದ ಬಂಡೆಗಳು 90 ಮೀಟರ್‌ನಲ್ಲಿದ್ದು ಹೊರಗಿನವು 50 ಮೀಟರ್‌ನಲ್ಲಿದ್ದರೆ, ಒಳಗೆ ದೊಡ್ಡ ಮೀನು ಕಾಣುವುದಕ್ಕೆ ಕಾಯ್ದೆಯ ನೆರವೇ ಬೇಕಿಲ್ಲ.

ಹೋಲಿಸುವ ಹೊರತಾಣದ ಆಯ್ಕೆ

ರಕ್ಷಿತ ಪ್ರದೇಶಗಳ ಗಡಿಯನ್ನು ಯಾರೂ ಚೀಟಿ ಎತ್ತಿ ನಿರ್ಧರಿಸುವುದಿಲ್ಲ. ಒಂದೋ ಅತ್ಯುತ್ತಮ ಬಂಡೆಗಳಿರುವ ಜಾಗವನ್ನು ಉದ್ದೇಶಪೂರ್ವಕವಾಗಿ ಆರಿಸಿರುತ್ತಾರೆ, ಇಲ್ಲವೇ ಮೀನುಗಾರರ ವಿರೋಧ ಕಡಿಮೆ ಇರುವ, ಅಂದರೆ ಮೊದಲಿನಿಂದಲೂ ಹೆಚ್ಚು ಮೀನುಗಾರಿಕೆ ನಡೆಯದ ಜಾಗವನ್ನು ಬಿಟ್ಟುಕೊಟ್ಟಿರುತ್ತಾರೆ. ಮೊದಲನೆಯ ಸಂದರ್ಭದಲ್ಲಿ ರಕ್ಷಣೆಯ ಪರಿಣಾಮ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಎರಡನೆಯದರಲ್ಲಿ ವರ್ಷಗಳು ಕಳೆದರೂ ಬದಲಾವಣೆ ಕಾಣುವುದಿಲ್ಲ, ಏಕೆಂದರೆ ನಿಲ್ಲಿಸಲು ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಆದ್ದರಿಂದ ಹೊರತಾಣವನ್ನು ದೂರವನ್ನಷ್ಟೇ ನೋಡಿ ಆರಿಸಬೇಡಿ. ನಕ್ಷೆಯ ಮೇಲೆ ಒಳಗಿನ ಪ್ರತಿಯೊಂದು ತಾಣಕ್ಕೂ ಆಳ, ಒರಟುತನ, ಬಂಡೆಯ ಪ್ರಮಾಣ ಈ ಮೂರರಲ್ಲಿ ಹತ್ತಿರವಾಗಿರುವ ಹೊರತಾಣಗಳನ್ನು ಹುಡುಕಿ, ಜೋಡಿ ಸಿಗದ ತಾಣವನ್ನು ಹೋಲಿಕೆಯಿಂದ ಕೈಬಿಡಿ. ಗಡಿ ಹಾಕುವ ಮೊದಲಿನ ಸಮೀಕ್ಷೆ ಲಭ್ಯವಿದ್ದರೆ ಅದಕ್ಕಿಂತ ದೊಡ್ಡ ಸಂಪತ್ತಿಲ್ಲ. ಒಳಗೂ ಹೊರಗೂ, ಮೊದಲೂ ನಂತರವೂ, ಹೀಗೆ ನಾಲ್ಕು ಮೂಲೆಗಳ ಹೋಲಿಕೆ ಆಗ ಸಾಧ್ಯವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ: ‘ಹೊರಗೆ’ ನಿಜವಾಗಿಯೂ ಮೀನು ಹಿಡಿಯುತ್ತಿದ್ದಾರೆಯೇ? ಕ್ಯಾಲಿಫೋರ್ನಿಯಾದ ಆಳದ ಬಂಡೆಗಳಲ್ಲಿ ಈ ಪ್ರಶ್ನೆಯೇ ಎಲ್ಲವನ್ನೂ ತಿರುವುಮುರುವು ಮಾಡುತ್ತದೆ. ಬೊಕಾಚಿಯೊ, ಕೌಕಾಡ್, ಕೆನರಿ, ಹಳದಿಕಣ್ಣಿನ ರಾಕ್‌ಫಿಶ್ ಮುಂತಾದ ಜಾತಿಗಳ ಸಂಖ್ಯೆ ಕುಸಿದದ್ದರಿಂದ 2002ರಿಂದ ಆ ಕರಾವಳಿಯ ಉದ್ದಕ್ಕೂ ರಾಕ್‌ಫಿಶ್ ಸಂರಕ್ಷಣಾ ವಲಯಗಳನ್ನು ಜಾರಿಗೆ ತಂದು, ನಿರ್ದಿಷ್ಟ ಆಳದ ಪಟ್ಟಿಯಲ್ಲಿ ತಳದ ಮೀನುಗಾರಿಕೆಯನ್ನು ನಿರ್ಬಂಧಿಸಲಾಯಿತು. ಅವುಗಳ ಗಡಿಯನ್ನು ಫ್ಯಾದಮ್‌ಗಳಲ್ಲಿ, ಅಂದರೆ ಮಾರುಗಳ ಲೆಕ್ಕದಲ್ಲಿ ಹಾಕಿದ್ದರು. ಪರಿಣಾಮವಾಗಿ, ರಾಜ್ಯದ ರಕ್ಷಿತ ಪ್ರದೇಶದ ಹೊರಗಿದ್ದ ಆಳದ ಬಂಡೆಯೂ ಹಲವೆಡೆ ಇನ್ನೊಂದು ಕಾನೂನಿನ ಒಳಗಿತ್ತು. ಅಂತಹ ಎರಡು ತಾಣಗಳ ನಡುವೆ ವ್ಯತ್ಯಾಸ ಕಾಣದಿದ್ದರೆ ‘ರಕ್ಷಿತ ಪ್ರದೇಶ ಕೆಲಸ ಮಾಡಲಿಲ್ಲ’ ಎನ್ನುವುದು ಅನ್ಯಾಯ. ಎರಡೂ ಕಡೆ ರಕ್ಷಣೆಯೇ ಇತ್ತು. ಕೌಕಾಡ್ 2019ರ ಹೊತ್ತಿಗೆ ಚೇತರಿಸಿಕೊಂಡಿತೆಂದು ಘೋಷಣೆಯಾದಾಗ, ಅದರ ಶ್ರೇಯಸ್ಸನ್ನು ರಾಜ್ಯದ ಜಾಲಕ್ಕೆ, ಆಳದ ನಿರ್ಬಂಧಕ್ಕೆ, ಹಿಡಿಯಬಹುದಾದ ಮೀನಿನ ಮಿತಿಗೆ ಮತ್ತು ಮರಿಗಳಿಗೆ ಒಲಿದ ವರ್ಷಗಳಿಗೆ ಬಿಡಿಬಿಡಿಯಾಗಿ ಹಂಚುವುದು ಯಾರಿಗೂ ಸುಲಭವಾಗಿರಲಿಲ್ಲ.

ಹೀಗಾಗಿ ಪ್ರತಿ ತಾಣಕ್ಕೂ ಒಂದು ನಿಯಮಚರಿತ್ರೆಯನ್ನು ಬರೆದಿಟ್ಟುಕೊಳ್ಳಿ: ಯಾವ ವರ್ಷದಿಂದ, ಯಾವ ಬಗೆಯ ಬಲೆ ಅಥವಾ ಗಾಳಕ್ಕೆ, ವರ್ಷದ ಯಾವ ತಿಂಗಳಲ್ಲಿ ನಿಷೇಧವಿತ್ತು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗಿರುವ 61 ದಿನಗಳ ನಿಷೇಧ ಇಡೀ ಕಡಲಿಗೆ ಅನ್ವಯಿಸುವ, ಕಾಲವನ್ನು ಆಧರಿಸಿದ ರಕ್ಷಣೆ. ರಕ್ಷಿತ ಪ್ರದೇಶ ಜಾಗವನ್ನು ಆಧರಿಸಿದ್ದು. ನಮ್ಮ ಕಡೆ ಇಂತಹ ಹೋಲಿಕೆ ಮಾಡುವವರು ಈ ಎರಡನ್ನೂ ಕಡತದಲ್ಲಿ ಬೇರೆ ಬೇರೆ ಅಂಕಣಗಳಲ್ಲಿ ಬರೆಯಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲೂ ಎಲ್ಲ ರಕ್ಷಿತ ಪ್ರದೇಶಗಳು ಒಂದೇ ಬಗೆಯವಲ್ಲ. ಕೆಲವು ಪೂರ್ಣ ನಿಷೇಧದವು. ಸೊಕೆಲ್ ಕಣಿವೆಯಂತಹ ಕೆಲವು ತಳದ ಮೀನನ್ನು ಕಾಯುತ್ತ, ಮೇಲ್ನೀರಿನಲ್ಲಿ ಸಂಚರಿಸುವ ಮೀನನ್ನು ಹಿಡಿಯಲು ಬಿಡುತ್ತವೆ.

ಎಣಿಸುವ ಸಾಧನ

ಆಳದಿಂದ ಗಾಳದಲ್ಲಿ ಮೀನನ್ನು ಎತ್ತಿ, ಅಳೆದು, ಮತ್ತೆ ಬಿಡುವ ವಿಧಾನ ಆಳವಿಲ್ಲದ ಬಂಡೆಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹವ್ಯಾಸಿ ಗಾಳಗಾರರನ್ನೇ ಸೇರಿಸಿಕೊಂಡು ವಿಜ್ಞಾನಿಗಳು ಹೀಗೆ ವರ್ಷಗಟ್ಟಲೆ ದತ್ತಾಂಶ ಸಂಗ್ರಹಿಸಿದ್ದಾರೆ. 90 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯದಕ್ಕಿಂತ ಹತ್ತು ಪಟ್ಟು. ಅಲ್ಲಿಂದ ಎಳೆದ ರಾಕ್‌ಫಿಶ್‌ನ ಮುಚ್ಚಿದ ಗಾಳಿಚೀಲ ಉಬ್ಬಿ, ಕಣ್ಣು ಹೊರಚಾಚಿ, ಜಠರ ಬಾಯಿಗೆ ಬರುತ್ತದೆ. ಭಾರ ಕಟ್ಟಿ ಮತ್ತೆ ಆಳಕ್ಕೆ ಇಳಿಸುವ ಸಾಧನಗಳಿಂದ ಅನೇಕ ಮೀನುಗಳು ಬದುಕಿಕೊಳ್ಳುತ್ತವೆಯಾದರೂ, ಕಾಯಬೇಕಾದ ಮೀನನ್ನು ಎಣಿಸುವುದಕ್ಕಾಗಿ ಕೊಲ್ಲುವ ಸಾಧ್ಯತೆ ಉಳಿದೇ ಇರುತ್ತದೆ. ಆದ್ದರಿಂದ ಆಳದಲ್ಲಿ ಕ್ಯಾಮೆರಾವೇ ಮೊದಲ ಆಯ್ಕೆ.

ಕ್ಯಾಮೆರಾ ವಿಧಾನಗಳಲ್ಲಿ ಎರಡು ಮುಖ್ಯ. ಒಂದು, ಹಡಗಿನಿಂದ ತಂತಿಯ ಮೂಲಕ ನಡೆಸುವ ಆರ್‌ಒವಿ ಎಂಬ ಮಾನವರಹಿತ ವಾಹನ. ಅದು ತಳದಿಂದ ಸ್ವಲ್ಪ ಮೇಲೆ ನಿಧಾನವಾಗಿ ಒಂದೇ ವೇಗದಲ್ಲಿ ಸಾಗುತ್ತ ಪಟ್ಟಿಯಂತಹ ಜಾಗವನ್ನು ಚಿತ್ರಿಸುತ್ತದೆ. ಪರಸ್ಪರ ನಿಗದಿತ ಅಂತರದಲ್ಲಿ ಬೀಳುವ ಎರಡು ಲೇಸರ್ ಚುಕ್ಕೆಗಳು ಚಿತ್ರದಲ್ಲಿ ಅಳತೆಗೋಲಿನ ಕೆಲಸ ಮಾಡುತ್ತವೆ. ಪಟ್ಟಿಯ ಉದ್ದ ಅಗಲ ಗೊತ್ತಿರುವುದರಿಂದ ‘100 ಚದರ ಮೀಟರ್‌ಗೆ ಇಷ್ಟು ಮೀನು’ ಎಂದು ಹೇಳಬಹುದು, ಮತ್ತು ಪ್ರತಿ ಮೀನು ಯಾವ ತಳದ ಮೇಲಿತ್ತು ಎಂಬುದೂ ಜೊತೆಗೇ ದಾಖಲಾಗುತ್ತದೆ. ನೆಲೆಯ ಪ್ರಶ್ನೆ ಕೇಳುವವರಿಗೆ ಇದೇ ಹೆಚ್ಚು ಉಪಯುಕ್ತ. ಖರ್ಚು ಮಾತ್ರ ದೊಡ್ಡದು.

ಇನ್ನೊಂದು, ಚೌಕಟ್ಟಿಗೆ ಕಟ್ಟಿದ ಎರಡು ಕ್ಯಾಮೆರಾಗಳ ಮುಂದೆ ಎರೆಯ ಚೀಲ ಇಟ್ಟು ತಳಕ್ಕೆ ಇಳಿಸಿಬಿಡುವ ವಿಧಾನ. ಭೂತಾಯಿಯ ಬಳಗದ ಎಣ್ಣೆಮೀನನ್ನು ಜಜ್ಜಿ ಚೀಲಕ್ಕೆ ತುಂಬಿ, ಸಾಮಾನ್ಯವಾಗಿ ಒಂದು ಗಂಟೆ ಬಿಟ್ಟು ಎತ್ತುತ್ತಾರೆ. ಅಗ್ಗ, ಸರಳ, ಸಣ್ಣ ದೋಣಿಯಿಂದಲೂ ಸಾಧ್ಯ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಇದು ಬಹಳ ಬಳಕೆಯಲ್ಲಿದೆ. ಹವಾಯಿಯಲ್ಲಿ ಆಳದ ಸ್ನ್ಯಾಪರ್ ಮೀನುಗಳ ನಿಷೇಧ ವಲಯಗಳನ್ನು ಪರೀಕ್ಷಿಸಲು ಇದೇ ತತ್ತ್ವದ, ಮಂದ ಬೆಳಕಿನಲ್ಲೂ ಕಾಣುವ ಕ್ಯಾಮೆರಾಗಳನ್ನು 100ರಿಂದ 300 ಮೀಟರ್ ಆಳಕ್ಕೆ ಇಳಿಸಿದ್ದಾರೆ. ಒಂದೇ ಮೀನು ಎರೆಯ ಬಳಿಗೆ ಹತ್ತು ಸಲ ಬಂದುಹೋಗಬಹುದಾದ್ದರಿಂದ ಬಂದದ್ದನ್ನೆಲ್ಲ ಎಣಿಸುವಂತಿಲ್ಲ. ಒಂದು ಗಂಟೆಯ ವಿಡಿಯೊದಲ್ಲಿ ಒಂದೇ ಚೌಕಟ್ಟಿನೊಳಗೆ ಒಟ್ಟಿಗೆ ಕಂಡ ಆ ಜಾತಿಯ ಗರಿಷ್ಠ ಸಂಖ್ಯೆಯನ್ನಷ್ಟೇ ಬರೆದುಕೊಳ್ಳಬೇಕು. ಇದು ನಿಜವಾದ ಸಂಖ್ಯೆಗಿಂತ ಕಡಿಮೆ ಇರುತ್ತದೆ, ಮೀನು ದಟ್ಟವಾದಷ್ಟೂ ಇನ್ನಷ್ಟು ಕಡಿಮೆ ಇರುತ್ತದೆ. ಎರೆಯ ವಾಸನೆ ಪ್ರವಾಹದ ದಿಕ್ಕಿನಲ್ಲಿ ಎಷ್ಟು ದೂರ ಹರಡಿತು ಎಂಬುದು ತಿಳಿಯದ ಕಾರಣ ಈ ಸಂಖ್ಯೆಯನ್ನು ಚದರ ಮೀಟರ್‌ಗೆ ಪರಿವರ್ತಿಸಲು ಹೋಗಬೇಡಿ. ಒಂದರ ವಾಸನೆಗೆ ಬಂದ ಮೀನು ಇನ್ನೊಂದರಲ್ಲೂ ಲೆಕ್ಕಕ್ಕೆ ಸಿಗದಂತೆ, ಏಕಕಾಲಕ್ಕೆ ಇಳಿಸುವ ಚೌಕಟ್ಟುಗಳ ನಡುವೆ ಕೆಲವು ನೂರು ಮೀಟರ್ ಅಂತರವಿರಲಿ.

ಯಾವ ಸಾಧನವಾದರೂ, ಒಳಗೂ ಹೊರಗೂ ಅದನ್ನೇ, ಅದೇ ಋತುವಿನಲ್ಲಿ, ಹಗಲಿನ ಅದೇ ಹೊತ್ತಿನಲ್ಲಿ ಬಳಸಿ. ನೀರು ಎಷ್ಟು ತಿಳಿಯಾಗಿತ್ತು ಎಂಬುದನ್ನು ಪ್ರತಿ ಸಲವೂ ಬರೆದುಕೊಳ್ಳಿ. ಮಳೆಗಾಲದ ಅರಬ್ಬೀ ಸಮುದ್ರದ ಕದಡಿದ ನೀರನ್ನು ಕಂಡವರಿಗೆ ಇದರ ಮಹತ್ವ ಬೇರೆ ಹೇಳಬೇಕಿಲ್ಲ.

ಸಂಖ್ಯೆಗಿಂತ ಮೊದಲು ಉದ್ದ ನೋಡಿ

ಮೀನು ಹಿಡಿಯುವುದು ನಿಂತ ಕೂಡಲೇ ಮೀನಿನ ಸಂಖ್ಯೆ ಏರುವುದಿಲ್ಲ. ಬದುಕುಳಿದ ಮೀನು ಮೊದಲು ಬೆಳೆಯುತ್ತದೆ; ಆದ್ದರಿಂದ ರಕ್ಷಣೆಯ ಮೊದಲ ಗುರುತು ಉದ್ದದಲ್ಲಿ ಕಾಣುತ್ತದೆ. ಎರಡು ಕ್ಯಾಮೆರಾಗಳ ಅಗತ್ಯ ಬರುವುದು ಇಲ್ಲೇ: ನಮ್ಮ ಎರಡು ಕಣ್ಣುಗಳಂತೆ ಅವು ದೂರವನ್ನು ಅಳೆದು, ಮೀನಿನ ಉದ್ದವನ್ನು ಮುಟ್ಟದೆಯೇ ಹೇಳುತ್ತವೆ. ತೂಕ ಉದ್ದದ ಘನಕ್ಕೆ ಹತ್ತಿರವಾಗಿ ಏರುವುದರಿಂದ, ಉದ್ದ ಇಮ್ಮಡಿಯಾದ ಮೀನು ಸುಮಾರು ಎಂಟು ಪಟ್ಟು ಭಾರವಾಗುತ್ತದೆ, ಮತ್ತು ದೊಡ್ಡ ಹೆಣ್ಣುಮೀನು ಅದಕ್ಕೆ ತಕ್ಕಂತೆ ಬಹಳ ಹೆಚ್ಚು ಮರಿಗಳನ್ನು ಬಿಡುತ್ತದೆ. ರಾಕ್‌ಫಿಶ್‌ಗಳು ಮೊಟ್ಟೆಯಿಡುವುದಿಲ್ಲ, ಮರಿಹಾಕುತ್ತವೆ. ಆ ಮರಿಗಳು ಪ್ರವಾಹದಲ್ಲಿ ತಿಂಗಳುಗಟ್ಟಲೆ ತೇಲಿ ಎಲ್ಲೋ ಹೋಗಿ ತಳ ಸೇರುತ್ತವೆಯಾದ್ದರಿಂದ, ಒಳಗೆ ಕಂಡ ಎಳೆಮೀನನ್ನು ಒಳಗಿನ ತಾಯಿಯದೇ ಎಂದು ಭಾವಿಸಬಾರದು.

ಎಷ್ಟು ವರ್ಷ ಕಾಯಬೇಕು? ಹಳದಿಕಣ್ಣಿನ ರಾಕ್‌ಫಿಶ್ ನೂರು ವರ್ಷವನ್ನೂ ಮೀರಿ ಬದುಕಬಲ್ಲದು. ಅಂತಹ ಜಾತಿಯಲ್ಲಿ ಐದು ವರ್ಷದ ಸಮೀಕ್ಷೆಯಿಂದ ಏನೂ ಕಾಣದಿದ್ದರೆ ಆಶ್ಚರ್ಯವಿಲ್ಲ. ಬೇಗ ಬೆಳೆಯುವ ಲಿಂಗ್‌ಕಾಡ್‌ನಂತಹ ಜಾತಿಯನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ಲಾಭದಾಯಕ.

ಸಮುದಾಯವನ್ನು ನೋಡುವಾಗ ಜಾತಿಗಳನ್ನು ಮೊದಲೇ ಎರಡು ಗುಂಪು ಮಾಡಿಕೊಳ್ಳಿ: ಗಾಳಕ್ಕೆ ಗುರಿಯಾಗುವವು, ಮತ್ತು ಯಾರೂ ಹಿಡಿಯದ ಪುಟ್ಟ ಜಾತಿಗಳು. ಎರಡನೆಯ ಗುಂಪು ನಿಮ್ಮ ಸಾಕ್ಷಿದಾರ. ಒಳಗೆ ಎರಡೂ ಗುಂಪುಗಳು ಸಮನಾಗಿ ಹೆಚ್ಚಿದ್ದರೆ ಕಾರಣ ಬಹುಶಃ ನೆಲೆ ಅಥವಾ ಕಡಲಿನ ಒಳ್ಳೆಯ ವರ್ಷ. ಗುರಿಯಾಗುವ ಗುಂಪು ಮಾತ್ರ ಹೆಚ್ಚಿದ್ದರೆ ರಕ್ಷಣೆಯ ಕೈವಾಡವನ್ನು ಗಂಭೀರವಾಗಿ ಪರಿಗಣಿಸಬಹುದು. ದೊಡ್ಡ ಬೇಟೆಮೀನು ಹೆಚ್ಚಿದಂತೆ ಪುಟ್ಟ ಮೀನು ಕಡಿಮೆಯಾಗುವುದೂ ಉಂಟು. ಅತಿಯಾಗಿ ಹಿಡಿದ ಆಳದ ಬಂಡೆಗಳಲ್ಲಿ ಕುಳ್ಳ ರಾಕ್‌ಫಿಶ್ ಜಾತಿಗಳೇ ತುಂಬಿರುವುದನ್ನು ಜಲಾಂತರ್ಗಾಮಿಯಿಂದ ನೋಡಿದ್ದಾರೆ. ಹೀಗಾಗಿ ‘ಒಟ್ಟು ಮೀನಿನ ಸಂಖ್ಯೆ’ ಎಂಬ ಒಂದೇ ಅಂಕಿಯಿಂದ ರಕ್ಷಿತ ಪ್ರದೇಶವನ್ನು ಅಳೆಯುವುದನ್ನು ನಾನು ಒಪ್ಪುವುದಿಲ್ಲ. ಯಶಸ್ವಿಯಾದ ತಾಣದಲ್ಲಿ ಆ ಅಂಕಿ ಇಳಿಯಲೂಬಹುದು.

ಲೆಕ್ಕದಲ್ಲಿ ನೆಲೆಯನ್ನು ಬೇರ್ಪಡಿಸುವುದು

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ರಕ್ಷಿತ ಪ್ರದೇಶದ ತಳದಲ್ಲಿ 60 ಶೇಕಡಾ ಬಂಡೆ, ಹೊರಗೆ 30 ಶೇಕಡಾ ಬಂಡೆ, ಉಳಿದದ್ದು ಮರಳು. ಎರಡೂ ಕಡೆ ಬಂಡೆಯ ಮೇಲೆ 100 ಚದರ ಮೀಟರ್‌ಗೆ 4 ಮೀನು, ಮರಳಿನ ಮೇಲೆ ಸೊನ್ನೆ. ಎಲ್ಲ ಪಟ್ಟಿಗಳ ಸರಾಸರಿ ತೆಗೆದರೆ ಒಳಗೆ 2.4, ಹೊರಗೆ 1.2. ರಕ್ಷಣೆಯಿಂದ ಒಂದೇ ಒಂದು ಮೀನೂ ಹೆಚ್ಚದಿದ್ದರೂ ‘ಎರಡು ಪಟ್ಟು’ ಎಂಬ ಶೀರ್ಷಿಕೆ ಸಿದ್ಧವಾಯಿತು. ಬಂಡೆಯ ಮೇಲಿನ ಪಟ್ಟಿಗಳನ್ನಷ್ಟೇ ಹೋಲಿಸಿದ್ದರೆ 4ಕ್ಕೆ 4. ಹತ್ತು ವರ್ಷಗಳ ನಂತರ ಒಳಗಿನ ಬಂಡೆಯ ಮೇಲೆ 6, ಹೊರಗೆ ಇನ್ನೂ 4 ಇದ್ದರೆ, ಆಗ ಒಂದೂವರೆ ಪಟ್ಟು ಎಂಬುದು ಪರಿಶೀಲನೆಗೆ ಯೋಗ್ಯವಾದ ಪರಿಣಾಮ.

ನಿಜವಾದ ದತ್ತಾಂಶದಲ್ಲಿ ಆಳ, ಒರಟುತನ, ಬಂಡೆಯ ಪ್ರಮಾಣಗಳನ್ನು ಸಂಖ್ಯಾಶಾಸ್ತ್ರದ ಮಾದರಿಯೊಳಗೆ ಮೊದಲು ಸೇರಿಸಿ, ಅವು ವಿವರಿಸದೆ ಉಳಿದ ವ್ಯತ್ಯಾಸವನ್ನು ರಕ್ಷಣೆ ವಿವರಿಸುತ್ತದೆಯೇ ಎಂದು ನಂತರ ಪರೀಕ್ಷಿಸಿ. ಬಂಡೆ ಮತ್ತು ರಕ್ಷಣೆ ಒಂದರ ಮೇಲೊಂದು ಪ್ರಭಾವ ಬೀರುವುದಕ್ಕೂ ಮಾದರಿಯಲ್ಲಿ ಜಾಗವಿಡಿ. ರಕ್ಷಣೆಯ ಲಾಭ ಸೀಳುಬಂಡೆಯಲ್ಲಿ ಎದ್ದು ಕಂಡು ಉರುಟುಗಲ್ಲಿನಲ್ಲಿ ಕಾಣದೇ ಹೋಗಬಹುದು. ಒಂದೇ ರಕ್ಷಿತ ಪ್ರದೇಶದೊಳಗೆ 50 ಪಟ್ಟಿಗಳನ್ನು ಎಣಿಸಿದರೆ ಅದು 50 ರಕ್ಷಿತ ಪ್ರದೇಶಗಳಾಗುವುದಿಲ್ಲ. ಇದನ್ನು ಮರೆತ ವರದಿಗಳಲ್ಲಿ ಖಚಿತತೆ ಕೃತಕವಾಗಿ ಹೆಚ್ಚಿರುತ್ತದೆ. ಯಾವುದೇ ವರದಿ ಕೈಗೆ ಬಂದರೂ ನಾನು ಮೊದಲು ನೋಡುವುದು ಈ ಅಂಕಿಯನ್ನೇ: ಸ್ವತಂತ್ರವಾದ ಒಳತಾಣಗಳೆಷ್ಟು, ಹೊರತಾಣಗಳೆಷ್ಟು.

ನೆಲೆಯೇ ಮುರಿದಿದ್ದರೆ

ಇದುವರೆಗೆ ತಳ ಬದಲಾಗುವುದಿಲ್ಲ ಎಂದು ಭಾವಿಸಿದೆವು. ಕಲ್ಲಿನ ಮಟ್ಟಿಗೆ ಅದು ಸರಿ. ಫ್ಲಾರಿಡಾದ ಪೂರ್ವ ಕರಾವಳಿಯಾಚೆ, 70ರಿಂದ 100 ಮೀಟರ್ ಆಳದಲ್ಲಿ ಒಕ್ಯುಲೈನಾ ಎಂಬ ಕವಲುಕವಲಾದ ಹವಳ ಕಟ್ಟಿದ ದಿಬ್ಬಗಳಿವೆ; ಗ್ಯಾಗ್, ಸ್ಕ್ಯಾಂಪ್ ಎಂಬ ಗ್ರೂಪರ್‌ಗಳು, ಅಂದರೆ ನಮ್ಮ ಮುರು ಮೀನಿನ ಬಳಗದವು, ಸಂತಾನಕ್ಕಾಗಿ ಅಲ್ಲಿ ಗುಂಪುಗೂಡುತ್ತಿದ್ದವು. 1984ರಲ್ಲಿ ಅದರ ಒಂದು ಭಾಗದಲ್ಲಿ ತಳ ಎಳೆಯುವ ಬಲೆಗಳನ್ನು ನಿಷೇಧಿಸಿದರು, 1994ರಲ್ಲಿ ಅಲ್ಲಿ ತಳದ ಗಾಳವನ್ನೂ ನಿಲ್ಲಿಸಿದರು, 2000ದಲ್ಲಿ ವಲಯವನ್ನು ವಿಸ್ತರಿಸಿದರು. ಅಷ್ಟರೊಳಗೆ ಸೀಗಡಿ ಟ್ರಾಲ್‌ಗಳು ಹವಳದ ಬಹುಭಾಗವನ್ನು ಪುಡಿಪುಡಿ ಮಾಡಿದ್ದವು. ಆ ಹವಳ ಬೆಳೆಯುವುದು ವರ್ಷಕ್ಕೆ ಸುಮಾರು ಒಂದೂವರೆ ಸೆಂಟಿಮೀಟರ್. ಗಡಿ ಹಾಕಿದ್ದರಿಂದ ಹವಳದ ಚೂರುಗಳು ದಿಬ್ಬವಾಗಲಿಲ್ಲ. ಮೀನಿಗೆ ಆಸರೆಯಾಗಲೆಂದು ಕಾಂಕ್ರೀಟ್ ರಚನೆಗಳನ್ನು ಇಳಿಸಿ ನೋಡಬೇಕಾಯಿತು.

ಜೀವಿಗಳೇ ಕಟ್ಟಿದ ನೆಲೆಗಳಲ್ಲಿ ಆದ್ದರಿಂದ ಲೆಕ್ಕದ ಕ್ರಮ ಬದಲಾಗುತ್ತದೆ. ಅಲ್ಲಿ ನೆಲೆಯ ಸ್ಥಿತಿಯೇ ರಕ್ಷಣೆಯ ಒಂದು ಫಲ. ಹಾಗಾಗಿ ಜೀವಂತ ಹವಳ, ನಿಂತಿರುವ ಸತ್ತ ಹವಳ, ಚೂರು ಎಂಬ ಮೂರನ್ನೂ ಬೇರೆಬೇರೆಯಾಗಿ ಅಳೆದು, ಅವು ವರ್ಷದಿಂದ ವರ್ಷಕ್ಕೆ ಹೇಗೆ ಬದಲಾದವು ಎಂಬುದನ್ನು ಮೀನಿನ ಪಟ್ಟಿಯ ಜೊತೆಗೇ ವರದಿ ಮಾಡಿ. ಇಲ್ಲಿ ನೆಲೆಯನ್ನು ಮಾದರಿಗೆ ಮೊದಲೇ ಸೇರಿಸಿ ‘ಸರಿದೂಗಿಸಿ’ಬಿಟ್ಟರೆ ರಕ್ಷಣೆಯಿಂದ ಉಳಿದ ಹವಳದ ಮೂಲಕ ಮೀನಿಗಾದ ಲಾಭವನ್ನೂ ಅಳಿಸಿಹಾಕಿದಂತಾಗುತ್ತದೆ. ಆಳ, ಇಳಿಜಾರು, ಕಲ್ಲಿನ ಒರಟುತನದಂತಹ ಬದಲಾಗದ ಅಂಶಗಳನ್ನು ಮಾತ್ರ ಸರಿದೂಗಿಸಿ, ಹವಳ ಸ್ಪಂಜುಗಳ ಅಂಶಗಳನ್ನು ಪ್ರತ್ಯೇಕವಾಗಿ ವಿಶ್ಲೇಷಿಸಿ.

ಕಡತ ಮುಚ್ಚುವ ಮೊದಲು

ಮೀನು ಕಾಣದ ಪಟ್ಟಿಗಳನ್ನು ಸೊನ್ನೆ ಎಂದೇ ದಾಖಲಿಸಿ, ಬಿಟ್ಟುಬಿಡಬೇಡಿ. ಕ್ಯಾಮೆರಾ ಕೆಟ್ಟ ಪಟ್ಟಿಗಳಿಗೆ ಬೇರೆ ಗುರುತು ಹಾಕಿ. ಫಲಿತಾಂಶವನ್ನು ಆಳದ ಪಟ್ಟಿಗಳ ಪ್ರಕಾರ ಬೇರೆಬೇರೆ ಕೋಷ್ಟಕಗಳಲ್ಲಿ ಕೊಡಿ. ಗುರುತು ಹಿಡಿಯಲಾಗದ ಮೀನನ್ನು ಊಹೆಯ ಮೇಲೆ ಜಾತಿಗೆ ಸೇರಿಸದೆ ‘ರಾಕ್‌ಫಿಶ್, ಜಾತಿ ತಿಳಿಯದು’ ಎಂದು ಬರೆಯುವುದರಲ್ಲಿ ನಾಚಿಕೆಯಿಲ್ಲ. ಎಳೆಯ ರಾಕ್‌ಫಿಶ್‌ಗಳ ವಿಷಯದಲ್ಲಿ ಪಳಗಿದವರೂ ಹಾಗೆಯೇ ಬರೆಯುತ್ತಾರೆ. ಮೂಲ ವಿಡಿಯೊವನ್ನು ತಾಣದ ನಿಖರ ಸ್ಥಾನ, ದಿನಾಂಕ, ಆಳ ಮತ್ತು ಕ್ಯಾಮೆರಾದ ಅಳತೆಯ ಹೊಂದಾಣಿಕೆಯ ಕಡತದೊಂದಿಗೆ ಎರಡು ಕಡೆ ಇಟ್ಟಿರಿ. ಹದಿನೈದು ವರ್ಷದ ನಂತರ ಅದೇ ಬಂಡೆಗೆ ಮತ್ತೆ ಕ್ಯಾಮೆರಾ ಇಳಿಸುವವರು ನಿಮ್ಮ ಕೋಷ್ಟಕವನ್ನಷ್ಟೇ ಅಲ್ಲ, ಆ ಸೀಳಿನಲ್ಲಿ ಅಂದು ಕಂಡ ಮೀನನ್ನೇ ಮತ್ತೊಮ್ಮೆ ಅಳೆಯಬೇಕೆನ್ನಬಹುದು.